ತಲೆನೋವು ಬರಿಸುವ ಸಂಗತಿಗಳು

ಕಾಲಿಗೆ ಮುಳ್ಳು ಚುಚ್ಚಿದರೆ ರೈತನು ಅಲ್ಲಿಯೇ ಬದುವಿನ ಮೇಲೆ ಕುಳಿತು ಅದನ್ನು ಕಿತ್ತು ಹಾಕುತ್ತಾನೆ. ಎತ್ತು ಕುಂಟಿದರೆ ಗೊರಸು ಎತ್ತಿ ನೋಡುತ್ತಾನೆ. ತಲೆನೋವು ಬಂದರೆ ಮಾತ್ರ ವಲ್ಲಿಯನ್ನು ಹಣೆಗೆ ಬಿಗಿದು ಕಟ್ಟಿ, ಅಂಗಡಿಯಿಂದ ಒಂದು ಮಾತ್ರೆ ತರಿಸಿ ನುಂಗಿ ಕೆಲಸ ಮುಂದುವರಿಸುತ್ತಾನೆ. ಅದು ಏಕೆ ಬಂದಿತು, ಕಳೆದ ಸಲ ಯಾವಾಗ ಬಂದಿತ್ತು ಎಂದು ಕೇಳಿಕೊಳ್ಳುವವರು ಅಪರೂಪ. ಮನೆಯ ಹೆಂಗಸಿಗೆ ಬಂದರಂತೂ ಅದು ಕೆಲಸ ತಪ್ಪಿಸಿಕೊಳ್ಳುವ ನೆಪ ಎಂಬ ಮಾತು ಬೇರೆ ಕೇಳಬೇಕಾಗುತ್ತದೆ.

ತಲೆನೋವು ಪಟ್ಟಣದವರ, ಓದುಬರಹದವರ ಕಾಯಿಲೆ ಎಂಬ ಭಾವನೆ ನಮ್ಮಲ್ಲಿದೆ. ಇದು ಸರಿಯಲ್ಲ. ಬೆಂಗಳೂರು ನಗರದಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ 18ರಿಂದ 65 ವರ್ಷ ವಯಸ್ಸಿನ 2,329 ಮಂದಿಯನ್ನು ವಿಚಾರಿಸಿ ಮಾಡಿದ ಒಂದು ದೊಡ್ಡ ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 64 ಮಂದಿಗೆ ತಲೆನೋವು ಬಂದಿತ್ತು. ನೂರಕ್ಕೆ ಸುಮಾರು 25 ಮಂದಿಗೆ ಇದ್ದುದು ಮೈಗ್ರೇನ್, ಅಂದರೆ ನಮ್ಮವರು ಅರೆತಲೆನೋವು ಅಥವಾ ಅರೆತಲೆಶೂಲೆ ಎನ್ನುವ ಕಾಯಿಲೆ. ಇದು ಗಂಡಸರಿಗಿಂತ ಹೆಂಗಸರಲ್ಲಿಯೂ, ಪಟ್ಟಣದವರಿಗಿಂತ ಹಳ್ಳಿಯವರಲ್ಲಿಯೂ ಹೆಚ್ಚಾಗಿ ಕಂಡುಬಂದಿತು. ಹಳ್ಳಿಯ ಹೆಣ್ಣುಮಗಳು ತಲೆ ಹಿಡಿದುಕೊಂಡು ಕುಳಿತರೆ ನೆಪ ಎನ್ನುವ ಮುನ್ನ ಈ ಲೆಕ್ಕವನ್ನು ನೆನೆಯುವುದು ಒಳ್ಳೆಯದು.

ಎಲ್ಲ ತಲೆನೋವೂ ಒಂದೇ ಅಲ್ಲ

ಬಹು ಜನಕ್ಕೆ ಬರುವುದು ಬಿಗಿತದ ತಲೆನೋವು. ತಲೆಯ ಸುತ್ತ ಪಟ್ಟಿ ಹಾಕಿ ಬಿಗಿದ ಹಾಗೆ ಎರಡೂ ಕಡೆ ಒತ್ತುತ್ತದೆ; ಕತ್ತು, ಹೆಗಲು ಹಿಡಿದುಕೊಂಡಿರುತ್ತವೆ. ನೋವು ಇದ್ದರೂ ನಡೆದಾಡಬಹುದು, ಊಟ ಮಾಡಬಹುದು, ಕೆಲಸ ಸಾಗುತ್ತದೆ.

ಅರೆತಲೆನೋವಿನ ಸ್ವಭಾವ ಬೇರೆ. ಅದು ಹೆಚ್ಚಾಗಿ ತಲೆಯ ಒಂದು ಪಕ್ಕದಲ್ಲಿ, ಕಣತಲೆಯಲ್ಲೋ ಕಣ್ಣಿನ ಹಿಂದೆಯೋ ನಾಡಿ ಬಡಿದ ಹಾಗೆ ಸಿಡಿಯುತ್ತದೆ. ಕೆಲವರಿಗೆ ಎರಡೂ ಪಕ್ಕ ಬರುವುದುಂಟು. ಮೆಟ್ಟಿಲು ಹತ್ತಿದರೆ, ಬಗ್ಗಿ ಎದ್ದರೆ ಹೆಚ್ಚುತ್ತದೆ. ವಾಕರಿಕೆ, ವಾಂತಿ ಆಗುತ್ತದೆ. ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆಯೂ ಬೇಡ. ಕತ್ತಲ ಕೋಣೆಯಲ್ಲಿ ಮುಸುಕು ಹಾಕಿ ಮಲಗಿದರೆ ಸಾಕು ಎನ್ನಿಸುತ್ತದೆ. ಔಷಧಿ ಮಾಡದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ಕಾಡಿ ತಾನಾಗಿಯೇ ಇಳಿಯುತ್ತದೆ. ಇಂಥವರಲ್ಲಿ ನಾಲ್ಕೈದು ಮಂದಿಗೆ ಒಬ್ಬರಂತೆ, ನೋವಿಗೆ ಮುಂಚೆ ಕಣ್ಣ ಮುಂದೆ ಗರಗಸದ ಹಲ್ಲಿನಂತಹ ಬೆಳಕಿನ ಗೆರೆ ಮಿನುಗುವುದು, ನೋಟದ ಒಂದು ಭಾಗ ಮಸುಕಾಗುವುದು, ಕೈ ಅಥವಾ ತುಟಿ ಜುಮುಜುಮು ಎನ್ನುವುದು ಕಾಣುತ್ತದೆ. ಇದು ಐದು ನಿಮಿಷದಿಂದ ಒಂದು ಗಂಟೆಯೊಳಗೆ ಹೋಗಿಬಿಡುತ್ತದೆ. ಮಕ್ಕಳಿಗೂ ಅರೆತಲೆನೋವು ಬರುವುದುಂಟು. ಅವರಲ್ಲಿ ಹೊತ್ತು ಕಡಿಮೆ, ಅನೇಕ ವೇಳೆ ಹೊಟ್ಟೆನೋವೂ ಜೊತೆಗಿರುತ್ತದೆ. ಶಾಲೆಗೆ ಹೋಗಲು ಮನಸ್ಸಿಲ್ಲದೆ ಸುಳ್ಳು ಹೇಳುತ್ತಾನೆಂದು ಹುಡುಗನನ್ನು ಗದರುವುದಕ್ಕೆ ಮೊದಲು ತಾಯಿಗೋ ಅಜ್ಜಿಗೋ ಈ ನೋವು ಇತ್ತೇ ಎಂದು ವಿಚಾರಿಸಿರಿ. ಇದು ಮನೆತನದಲ್ಲಿ ಹರಿದುಬರುವ ಕಾಯಿಲೆ.

ಇನ್ನೊಂದು ಅಪರೂಪದ ಜಾತಿಯುಂಟು. ಒಂದು ಕಣ್ಣಿನ ಸುತ್ತ ತಡೆಯಲಾರದ ನೋವು, ಆ ಕಣ್ಣು ಕೆಂಪಾಗಿ ನೀರು ಸುರಿಯುವುದು, ದಿನವೂ ಗೊತ್ತಾದ ಹೊತ್ತಿಗೆ ಬರುವುದು, ಹೀಗೆ ಕೆಲವು ವಾರ ನಡೆದು ತಿಂಗಳುಗಟ್ಟಲೆ ಕಾಣದೆ ಹೋಗುವುದು. ಇದು ಗಂಡಸರಲ್ಲಿ ಹೆಚ್ಚು. ಇದಕ್ಕೆ ಪ್ರತ್ಯೇಕ ಚಿಕಿತ್ಸೆ ಇರುವುದರಿಂದ ವೈದ್ಯರನ್ನೇ ಕಾಣಬೇಕು.

ತಲೆಯೊಳಗೆ ಏನಾಗುತ್ತದೆ?

ಮಿದುಳಿಗೆ ತನ್ನದೇ ಆದ ನೋವು ತಿಳಿಯುವುದಿಲ್ಲ. ಅದನ್ನು ಸುತ್ತಿರುವ ಪೊರೆಗೂ ಅಲ್ಲಿಯ ರಕ್ತನಾಳಗಳಿಗೂ ನೋವು ತಿಳಿಯುತ್ತದೆ. ಮುಖದಿಂದಲೂ ಈ ಪೊರೆಯಿಂದಲೂ ಸುದ್ದಿ ಒಯ್ಯುವ ಒಂದು ದೊಡ್ಡ ನರವಿದೆ. ಅರೆತಲೆನೋವು ಇರುವವರ ಮಿದುಳು ಹುಟ್ಟಿನಿಂದಲೇ ಸ್ವಲ್ಪ ಚುರುಕು. ಬೆಳಕು, ಸದ್ದು, ಹಸಿವು, ನಿದ್ದೆಗೇಡು, ಇಂತಹ ಏರುಪೇರುಗಳನ್ನು ಅದು ಬೇಗ ಗುರುತಿಸಿ ಕೆರಳುತ್ತದೆ. ಆಗ ಆ ನರದ ತುದಿಗಳಿಂದ ಕೆಲವು ರಸಗಳು ಒಸರಿ, ರಕ್ತನಾಳಗಳು ಅರಳಿ, ಸುತ್ತಣ ಪೊರೆ ನೋವಿಗೆ ಸೂಕ್ಷ್ಮವಾಗುತ್ತದೆ. ನಾಡಿಯ ಪ್ರತಿ ಬಡಿತವೂ ಪೆಟ್ಟಿನಂತೆ ತೋರುವುದು ಇದರಿಂದಲೇ.

ಆದುದರಿಂದ ಬಿಸಿಲಾಗಲಿ ಉಪವಾಸವಾಗಲಿ ಕಾಯಿಲೆಯ ಬೇರಲ್ಲ. ಬೇರು ಮೈಯಲ್ಲೇ ಇದೆ. ಇವು ಅದನ್ನು ಕೆದಕುವ ಸಂಗತಿಗಳು. ಒಂದೇ ಬಿಸಿಲಿನಲ್ಲಿ ಕಳೆ ತೆಗೆದ ಹತ್ತು ಮಂದಿಯಲ್ಲಿ ಇಬ್ಬರಿಗೆ ಮಾತ್ರ ತಲೆ ಸಿಡಿಯುವುದು ಏಕೆಂದು ಇದರಿಂದ ತಿಳಿಯಬಹುದು.

ಇನ್ನೊಂದು ಮುಖ್ಯ ಸಂಗತಿ. ಕೆದಕುವ ಸಂಗತಿ ಒಂದೇ ಇದ್ದರೆ ಅನೇಕ ವೇಳೆ ನೋವು ಬರುವುದಿಲ್ಲ. ಎರಡು ಮೂರು ಕೂಡಿದಾಗ ಬರುತ್ತದೆ. ಹತ್ತು ಮೂಟೆ ತಾಳುವ ಗಾಡಿಗೆ ಹನ್ನೊಂದನೆಯದನ್ನು ಹೇರಿದಾಗ ಅಚ್ಚು ಮುರಿಯಿತೆನ್ನೋಣ. ನಾವು ಆ ಕಡೆಯ ಮೂಟೆಯನ್ನು ಬೈಯುತ್ತೇವೆ. ಮೊದಲ ಹತ್ತರಲ್ಲಿ ಎರಡನ್ನು ಇಳಿಸಿದ್ದರೆ ಅಚ್ಚು ಉಳಿಯುತ್ತಿತ್ತು. ಹೋದ ವಾರ ಇದೇ ಬಿಸಿಲಿನಲ್ಲಿ ಏನೂ ಆಗಲಿಲ್ಲವಲ್ಲ, ಈ ವಾರ ಏಕೆ ಬಂತು ಎಂದು ಕೇಳುವವರಿಗೆ ಉತ್ತರ ಇದೇ: ಹೋದ ವಾರ ಹೊಟ್ಟೆ ತುಂಬ ಉಂಡು, ಚೆನ್ನಾಗಿ ನಿದ್ದೆ ಮಾಡಿ ಹೋಗಿದ್ದಿರಿ.

ಅಡಿಕೆ ಸುಲಿಯುವ ದಿನಗಳು

ನಮ್ಮ ತಾಲ್ಲೂಕಿನಲ್ಲಿಯೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆಯನ್ನು ಕೊಯ್ದ ಮೇಲೆ ತಡಮಾಡುವಂತಿಲ್ಲ. ಸುಲಿದು, ಬೇಯಿಸಿ, ಒಣಗಿಸಬೇಕು. ಈಗ ಸುಲಿಯುವ ಯಂತ್ರಗಳು ಬಂದಿದ್ದರೂ ಕತ್ತಿಯಲ್ಲಿ ಸುಲಿಯುವ ಕೆಲಸ ಪೂರ್ತಿ ನಿಂತಿಲ್ಲ. ಚೇಣಿ ಮನೆಗಳಲ್ಲಿ ಹೆಂಗಸರು ಗಂಟೆಗಟ್ಟಲೆ ಕತ್ತು ಬಗ್ಗಿಸಿ ಕುಳಿತು ಸುಲಿಯುತ್ತಾರೆ. ರಾತ್ರಿ ಬಹಳ ಹೊತ್ತಾಗುತ್ತದೆ. ಕಣ್ಣಿಗೆ ನೇರವಾಗಿ ಹೊಡೆಯುವ ದೀಪ. ಪಕ್ಕದಲ್ಲಿಯೇ ಹಂಡೆಯಲ್ಲಿ ಅಡಿಕೆ ಬೇಯುವ ಹೊಗೆ, ಚೊಗರಿನ ವಾಸನೆ. ಊಟದ ಹೊತ್ತು ತಪ್ಪಿರುತ್ತದೆ. ಹಸಿವು ತಿಳಿಯದಿರಲೆಂದು ಬಾಯಿಗೆ ಎಲೆ ಅಡಿಕೆ ಹೊಗೆಸೊಪ್ಪು, ಮಧ್ಯೆ ಎರಡು ಲೋಟ ಚಹಾ. ಎದ್ದು ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಮರುದಿನ ಬೆಳಗ್ಗೆ ಎಂದಿನಂತೆ ಐದು ಗಂಟೆಗೆ ಏಳಬೇಕು.

ಇಷ್ಟನ್ನೂ ಒಂದೇ ರಾತ್ರಿಯಲ್ಲಿ ಹೇರಿದರೆ ಅರೆತಲೆನೋವಿನ ಮೈಯವರಿಗೆ ನೋವು ಬರದಿದ್ದರೆ ಆಶ್ಚರ್ಯ. ಹಾಗೆಂದು ಸುಲಿಯುವುದನ್ನು ಬಿಡಿ ಎಂದು ಯಾರೂ ಹೇಳಲಾರರು. ಕೂಲಿ ಬೇಕು, ಅಡಿಕೆ ಕಾಯುವುದಿಲ್ಲ. ಆದರೆ ಕೆಲಸಕ್ಕೆ ಕೂರುವ ಮುಂಚೆಯೇ ಊಟ ಮಾಡುವುದು, ಗಂಟೆಗೊಮ್ಮೆ ಎದ್ದು ಕತ್ತು ಹೆಗಲು ಆಡಿಸುವುದು, ದೀಪವನ್ನು ಕಣ್ಣಿನ ಎದುರಿನಿಂದ ಬೆನ್ನ ಹಿಂದಕ್ಕೋ ಮೇಲಕ್ಕೋ ಸರಿಸುವುದು, ಹೊಗೆ ಬರುವ ಗಾಳಿಯ ಮಗ್ಗುಲನ್ನು ಬಿಟ್ಟು ಕೂರುವುದು, ಹತ್ತಿರ ಒಂದು ಚೊಂಬು ನೀರು ಇಟ್ಟುಕೊಳ್ಳುವುದು, ಇವಕ್ಕೆ ಕಾಸು ಖರ್ಚಿಲ್ಲ. ಕೆಲಸ ಮಾಡಿಸುವವರು ಹೆಂಗಸರಿಗೆ ಹತ್ತಿರದಲ್ಲಿ ಒಂದು ಮರೆಯ ಶೌಚದ ಏರ್ಪಾಡು ಮಾಡಿಕೊಟ್ಟರೆ ಅವರು ಧೈರ್ಯವಾಗಿ ನೀರು ಕುಡಿಯುತ್ತಾರೆ. ತಲೆನೋವಿಗೂ ಶೌಚಕ್ಕೂ ಏನು ನಂಟು ಎಂದು ನಗುವವರು ಸುಲಿಯುವ ಹೆಂಗಸರನ್ನೇ ಕೇಳಿ ನೋಡಲಿ.

ಉಳಿದ ಸಂಗತಿಗಳು

ಹಸಿವು ಎಲ್ಲಕ್ಕಿಂತ ದೊಡ್ಡ ಶತ್ರು. ಮನೆಯವರೆಲ್ಲ ಉಂಡ ಮೇಲೆ ಉಣ್ಣುವ ಸೊಸೆಗೆ, ಬರೀ ಚಹಾ ಕುಡಿದು ತೋಟಕ್ಕೆ ಹೋಗಿ ಹನ್ನೊಂದಕ್ಕೆ ಮುದ್ದೆ ಮುಟ್ಟುವ ಗಂಡಸಿಗೆ, ಸಂತೆಯ ದಿನ ಉಪವಾಸ ತಿರುಗುವವರಿಗೆ ಇದು ತಪ್ಪದು. ಬೆಳಗ್ಗೆ ಎದ್ದು ಎರಡು ಗಂಟೆಯೊಳಗೆ ಒಂದು ಲೋಟ ರಾಗಿ ಅಂಬಲಿಯೋ ರಾತ್ರಿಯ ಮುದ್ದೆಗೆ ಮಜ್ಜಿಗೆಯೋ ಹೊಟ್ಟೆಗೆ ಬಿದ್ದರೆ ಬಹಳ ನೋವುಗಳು ಬರುವುದೇ ಇಲ್ಲ. ಹರಕೆಯ ಉಪವಾಸ ಮಾಡುವವರು ಹಣ್ಣು, ಹಾಲು, ನೀರುಮಜ್ಜಿಗೆಯನ್ನಾದರೂ ಬಿಡಬಾರದು.

ನಿದ್ದೆ ಕಡಿಮೆಯಾದರೂ ಕೆಡಕು, ಒಮ್ಮೆಲೇ ಹೆಚ್ಚಾದರೂ ಕೆಡಕು. ರಾತ್ರಿ ಪಾಳಿಯ ಕರೆಂಟಿಗೆ ಎದ್ದು ಬೋರ್‌ವೆಲ್ಲಿನ ಮೋಟಾರು ಹಚ್ಚಲು ಹೋಗುವವರಿಗೆ ಇದು ಗೊತ್ತು. ಅಂಥವರು ಮನೆಯಲ್ಲಿ ಸರದಿ ಹಂಚಿಕೊಳ್ಳಬಹುದಾದರೆ ಈ ನೋವಿರುವವನ ಸರದಿಯನ್ನು ಬೇರೆಯವರು ವಹಿಸಿಕೊಳ್ಳಲಿ. ಅವನು ಹಗಲಿನಲ್ಲಿ ಬೇರೆ ಕೆಲಸ ಮಾಡಿಕೊಡಲಿ.

ಬಿಸಿಲಿನಲ್ಲಿ ಮೂರು ಸಂಗತಿಗಳು ಸೇರಿವೆ: ಝಳ, ಕಣ್ಣು ಕುಕ್ಕುವ ಬೆಳಕು, ಬೆವರಿನಲ್ಲಿ ಹೋಗುವ ನೀರು ಮತ್ತು ಉಪ್ಪು. ತಲೆಗೆ ಬರೀ ವಲ್ಲಿ ಸುತ್ತಿದರೆ ನೆತ್ತಿ ತಂಪಾದೀತು, ಕಣ್ಣಿಗೆ ನೆರಳಾಗದು. ಅಂಚಿರುವ ಟೋಪಿಯೋ, ಹಣೆಯ ಮುಂದಕ್ಕೆ ಚಾಚಿದ ಸೆರಗೋ ಒಳ್ಳೆಯದು. ಬಾಯಾರುವ ತನಕ ಕಾಯದೆ ಆಗಾಗ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕು.

ತಲೆಸ್ನಾನದಿಂದ ತಲೆನೋವು ಬರುತ್ತದೆ ಎಂದು ನಮ್ಮ ಹೆಂಗಸರು ಹಿಂದಿನಿಂದಲೂ ಹೇಳುತ್ತಾರೆ. ಪುಸ್ತಕ ಓದಿದವರು ಇದನ್ನು ನಂಬುತ್ತಿರಲಿಲ್ಲ. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅವರು ತಲೆಗೆ ನೀರು ಹಾಕಿಕೊಂಡರೆ ಅರೆತಲೆನೋವು ಬರುವ 94 ಮಂದಿ ರೋಗಿಗಳನ್ನು ಗಮನಿಸಿ 2006ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಬರೆದರು. ಹೆಂಗಸರ ಮಾತು ನಿಜವೇ ಆಯಿತು. ಇಲ್ಲಿಯೂ ಮೂಟೆಗಳ ಲೆಕ್ಕ ನೋಡಿರಿ. ಶುಕ್ರವಾರ ಬೆಳಗ್ಗೆ ತಲೆಗೆ ನೀರು, ಒದ್ದೆ ಕೂದಲಿಗೆ ಬಟ್ಟೆ ಕಟ್ಟಿ ಮನೆ ಸಾರಿಸುವುದು, ಪೂಜೆ ಮುಗಿಯುವ ತನಕ ಬರೀ ಹೊಟ್ಟೆ, ಮುಚ್ಚಿದ ದೇವರ ಕೋಣೆಯಲ್ಲಿ ಊದುಬತ್ತಿ ಸಾಂಬ್ರಾಣಿಯ ಹೊಗೆ. ಮಧ್ಯಾಹ್ನಕ್ಕೆ ತಲೆ ಸಿಡಿದರೆ ತಪ್ಪು ನೀರಿನದೊಂದೇ ಅಲ್ಲ. ಹಿಂದಿನ ಸಂಜೆಯೇ ತಲೆ ತೊಳೆದು ಒಣಗಿಸಿಕೊಂಡರೆ, ಇಲ್ಲವೇ ಒಂದು ಲೋಟ ಹಾಲು ಕುಡಿದು ಪೂಜೆಗೆ ಕುಳಿತರೆ ಎಷ್ಟೋ ಮಂದಿಗೆ ಶುಕ್ರವಾರದ ನೋವು ತಪ್ಪುತ್ತದೆ.

ಮುಟ್ಟಿನ ಹಿಂದು ಮುಂದಿನ ಎರಡು ದಿನ ಹೆಂಗಸರಿಗೆ ಈ ನೋವು ಹೆಚ್ಚು. ಮೈಯ ರಸಗಳ ಇಳಿತ ಇದಕ್ಕೆ ಕಾರಣ, ಅದನ್ನು ತಡೆಯಲಾಗದು. ಆ ದಿನಗಳಲ್ಲಿ ಉಳಿದ ಮೂಟೆಗಳನ್ನು ಇಳಿಸುವುದು ಕೈಯಲ್ಲಿದೆ. ಬಸ್ಸಿನ ಪ್ರಯಾಣ, ಪೆಟ್ರೋಲು ಡೀಸೆಲ್ಲಿನ ವಾಸನೆ, ಅತ್ತರು, ಜಾತ್ರೆಯ ಧ್ವನಿವರ್ಧಕ, ಹೆಂಡ, ಮಳೆ ಬರುವ ಮುಂಚಿನ ಧಗೆ, ಇವೂ ಒಬ್ಬೊಬ್ಬರಿಗೆ ಆಗದು. ದಿನಕ್ಕೆ ಆರೇಳು ಚಹಾ ಕುಡಿಯುವವರಿಗೆ ಒಂದು ದಿನ ಸಿಕ್ಕದಿದ್ದರೆ ಅದರಿಂದಲೇ ನೋವು ಬರುತ್ತದೆ. ಸಾಲದ ಚಿಂತೆ, ಮನೆಯ ಜಗಳ ಹೇಳಬೇಕಾಗಿಯೇ ಇಲ್ಲ. ವಿಚಿತ್ರವೆಂದರೆ ಚಿಂತೆ ಕಳೆದು ಹಗುರಾದ ದಿನವೇ ನೋವು ಬರುವುದೂ ಉಂಟು. ಮದುವೆಯ ಗದ್ದಲವೆಲ್ಲ ಮುಗಿದು ನೆಂಟರು ಹೊರಟ ಮರುದಿನ ಮನೆಯೊಡತಿ ಹಾಸಿಗೆ ಹಿಡಿಯುವುದನ್ನು ನೋಡಿರಬಹುದು.

ಇದೆಲ್ಲ ಹೊಸದಾಗಿ ಕಂಡುಹಿಡಿದ ಸಂಗತಿಯೂ ಅಲ್ಲ. ಆಯುರ್ವೇದದಲ್ಲಿ ಈ ನೋವಿಗೆ ಅರ್ಧಾವಭೇದಕವೆಂದು ಹೆಸರು. ಚರಕಸಂಹಿತೆಯಲ್ಲಿ ಅದರ ಕಾರಣಗಳನ್ನು ಹೇಳುವಾಗ ಒಣ ಆಹಾರ, ಉಂಡದ್ದು ಅರಗುವ ಮೊದಲೇ ಮತ್ತೆ ಉಣ್ಣುವುದು, ಮೂಡಣ ಗಾಳಿ, ಇಬ್ಬನಿ, ಮಲಮೂತ್ರಗಳನ್ನು ತಡೆದುಕೊಳ್ಳುವುದು, ಮೈಮುರಿಯುವ ದುಡಿಮೆ ಇವನ್ನು ಎಣಿಸಿದ್ದಾರೆ. ಸೂರ್ಯನೊಡನೆ ಏರಿ ಸೂರ್ಯನೊಡನೆ ಇಳಿಯುವ ತಲೆನೋವಿಗೆ ಸೂರ್ಯಾವರ್ತವೆಂದು ಬೇರೆಯೇ ಹೆಸರಿದೆ. ನಮ್ಮ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ 1996ರಲ್ಲಿ ತೀರಿಕೊಂಡ ಶ್ರೀ ರಾಘವೇಂದ್ರ ಸ್ವಾಮೀಜಿಯವರು ಯೋಗವನ್ನೂ ಆಯುರ್ವೇದವನ್ನೂ ಊರೂರಿಗೆ ಕಲಿಸಿದವರು. ದಿನವೂ ಹೊತ್ತಿಗೆ ಸರಿಯಾಗಿ ಮಾಡುವ ಆಸನ, ಉಸಿರಿನ ಅಭ್ಯಾಸಗಳಿಂದ ಕತ್ತಿನ ಬಿಗಿತ ಇಳಿದು ನೋವಿನ ಸರದಿ ಕಡಿಮೆಯಾಗುವುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಆದರೆ ನೋವು ಬಂದಿರುವಾಗ ತಲೆ ಕೆಳಗಾಗಿ ನಿಲ್ಲುವ ಸಾಹಸ ಬೇಡ.

ತಪ್ಪು ಗುರುತು

ಅರೆತಲೆನೋವು ಒಮ್ಮೆಗೇ ಎರಗುವುದಿಲ್ಲ. ಕೆಲವರಿಗೆ ಹಿಂದಿನ ದಿನವೇ ಮೈ ಸೂಚನೆ ಕೊಡುತ್ತದೆ: ಮೇಲಿಂದ ಮೇಲೆ ಆಕಳಿಕೆ, ಕತ್ತು ಹಿಡಿತ, ಸಿಡುಕು, ಸಿಹಿ ತಿನ್ನಬೇಕೆಂಬ ಆಸೆ. ಆಸೆಯಾಯಿತೆಂದು ಒಂದು ಉಂಡೆ ಬೆಲ್ಲ ತಿನ್ನುತ್ತೇವೆ, ಮರುದಿನ ನೋವು ಬರುತ್ತದೆ, ಬೆಲ್ಲದಿಂದ ಬಂತು ಎನ್ನುತ್ತೇವೆ. ನಿಜವಾಗಿ ನೋವು ಆಗಲೇ ಹೊರಟಿತ್ತು. ಬೆಲ್ಲ ಅದರ ದಾರಿಯಲ್ಲಿ ಸಿಕ್ಕಿತು, ಅಷ್ಟೆ. ಆಕಳಿಕೆ ಕಂಡು ದೃಷ್ಟಿಯಾಗಿದೆ ಎಂದು ನಿವಾಳಿಸುವುದೂ ಇದೇ ಬಗೆಯದು. ನಿವಾಳಿಸಿದ ಮೇಲೆ ಕತ್ತಲೆಯಲ್ಲಿ ಮಲಗಿಸುತ್ತಾರಲ್ಲ, ಗುಣ ಕಾಣುವುದು ಬಹುಪಾಲು ಅದರಿಂದ.

ಆದುದರಿಂದ ಒಂದೇ ಸಲ ನೋಡಿ ಮೊಸರು ಬೇಡ, ನೆಲಗಡಲೆ ಬೇಡ, ಬಾಳೆಹಣ್ಣು ಬೇಡ ಎಂದು ಆಹಾರವನ್ನು ಬಿಡುತ್ತಾ ಹೋಗಬಾರದು. ಬಸುರಿಯರೂ ಮಕ್ಕಳೂ ಹೀಗೆ ಬಿಟ್ಟರೆ ಬಂದ ನೋವಿಗಿಂತ ಆಗುವ ನಷ್ಟ ಹೆಚ್ಚು. ರಕ್ತದೊತ್ತಡದ ವಿಷಯವೂ ಹಾಗೆಯೇ. ಒತ್ತಡ ಅತಿಯಾಗಿ ಏರಿದಾಗ ಹೊರತು ಸಾಮಾನ್ಯವಾಗಿ ಅದರಿಂದ ತಲೆನೋವು ಬರುವುದಿಲ್ಲ. ತಲೆನೋವಿಲ್ಲವೆಂದು ಬಿಪಿ ಮಾತ್ರೆ ನಿಲ್ಲಿಸುವುದು ಅಪಾಯ. ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಕೊಂಡರೆ ಓದುವಾಗಿನ ಹಣೆನೋವು ಹೋದೀತು, ಅರೆತಲೆನೋವು ಹೋಗದು.

ಸರಿಯಾದ ಗುರುತಿಗೆ ದಾರಿ ಸುಲಭ. ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಒಂದು ಸುತ್ತು ಹಾಕಿರಿ. ಮಾತ್ರೆ ನುಂಗಿದ ದಿನಕ್ಕೆ ಒಂದು ಅಡ್ಡಗೆರೆ. ಮುಟ್ಟಿನ ದಿನಕ್ಕೆ ಒಂದು ಚುಕ್ಕೆ. ಪಕ್ಕದಲ್ಲಿ ಹಿಂದಿನ ದಿನದ ವಿಶೇಷವನ್ನು ಎರಡು ಅಕ್ಷರದಲ್ಲಿ ಬರೆಯಿರಿ: ಸುಲಿತ, ಸಂತೆ, ಉಪವಾಸ, ಮೋಟಾರು. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ಮೂರು ತಿಂಗಳಾದ ಮೇಲೆ ಹಾಳೆ ತಿರುವಿ ನೋಡಿದರೆ ನಿಮ್ಮ ನೋವಿನ ಜಾಡು ನಿಮಗೇ ಕಾಣುತ್ತದೆ. ಬೆಳಗಾವಿಯವರಿಗೋ ಬೆಂಗಳೂರಿನವರಿಗೋ ಆಗದ್ದು ನಿಮಗೆ ಆಗಬಹುದು. ಈ ಲೆಕ್ಕವನ್ನು ಬೇರೆಯವರು ಮಾಡಿಕೊಡಲಾರರು.

ಮಾತ್ರೆಯೇ ನೋವಾಗುವುದು

ಆ ಅಡ್ಡಗೆರೆಗಳನ್ನು ಎಣಿಸುವುದು ಬಹಳ ಅವಶ್ಯ. ಅಂಗಡಿಯಲ್ಲಿ ಬಿಡಿಬಿಡಿಯಾಗಿ ಮಾರುವ ತಲೆನೋವಿನ ಮಾತ್ರೆ ಒಂದೊಂದು ಸಲಕ್ಕೆ ತೊಂದರೆಯಿಲ್ಲ. ಆದರೆ ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು, ಎರಡು ಮೂರು ಔಷಧಿ ಬೆರೆಸಿದ ಮಾತ್ರೆಯನ್ನು 10 ದಿನ ಅಥವಾ ಅದಕ್ಕೂ ಹೆಚ್ಚು, ಹೀಗೆ ಮೂರು ತಿಂಗಳ ಮೇಲೆ ನುಂಗುತ್ತ ಬಂದರೆ ಆ ಮಾತ್ರೆಗಳೇ ದಿನನಿತ್ಯದ ತಲೆನೋವನ್ನು ಹುಟ್ಟಿಸುತ್ತವೆ. ಅಂಗಡಿಯಲ್ಲಿ ಸಿಗುವ ಹಲವು ಮಾತ್ರೆಗಳಲ್ಲಿ ಚಹಾ ಕಾಫಿಯಲ್ಲಿರುವ ಕೆಫೀನ್ ಕೂಡ ಬೆರೆತಿರುವುದರಿಂದ ಮೈಗೆ ಅದರ ಚಟ ಹತ್ತುತ್ತದೆ. ಬೆಳಗ್ಗೆ ಏಳುವಾಗಲೇ ತಲೆ ಭಾರ, ಮಾತ್ರೆ ನುಂಗಿದರೆ ನಾಲ್ಕು ಗಂಟೆ ಹಗುರ, ಮತ್ತೆ ಭಾರ. ಹೀಗಿರುವವರು ಊರಿಗೊಬ್ಬರಾದರೂ ಇದ್ದಾರೆ. ಜಠರದಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು ಇದರ ಮೇಲಿನ ಬಡ್ಡಿ. ಇಂಥವರು ವೈದ್ಯರ ಸಲಹೆಯಂತೆ ಮಾತ್ರೆ ಬಿಡಬೇಕು. ಮೊದಲ ಕೆಲವು ದಿನ ನೋವು ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ.

ನೋವು ಬಂದಾಗ ಮಾಡತಕ್ಕದ್ದು ಇಷ್ಟು. ವೈದ್ಯರು ಗೊತ್ತುಮಾಡಿಕೊಟ್ಟ ಮಾತ್ರೆಯನ್ನು ನೋವು ಏರುವ ಮುಂಚೆಯೇ, ಪೂರ್ತಿ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ವಾಂತಿ ಆರಂಭವಾದ ಮೇಲೆ ನುಂಗಿದ್ದು ಹತ್ತುವುದಿಲ್ಲ. ನೀರು ಕುಡಿದು, ಹಣೆಗೆ ತಣ್ಣೀರ ಬಟ್ಟೆ ಹಾಕಿ, ಕತ್ತಲೆಯಲ್ಲಿ ನಿದ್ದೆ ಮಾಡಬೇಕು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಬಸುರಿಯರು ವೈದ್ಯರನ್ನು ಕೇಳದೆ ಯಾವ ನೋವಿನ ಮಾತ್ರೆಯನ್ನೂ ನುಂಗಬಾರದು. ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಸುತ್ತುಗಳು ಬೀಳುತ್ತಿದ್ದರೆ, ನೋವು ಬಾರದಂತೆ ಕೆಲವು ತಿಂಗಳು ದಿನವೂ ತೆಗೆದುಕೊಳ್ಳುವ ಬೇರೆ ಔಷಧಿಗಳಿವೆ. ಅವು ದುಬಾರಿಯಲ್ಲ. ಕಣ್ಣ ಮುಂದೆ ಬೆಳಕಿನ ಗೆರೆ ಕಾಣುವ ಹೆಂಗಸರು ಗರ್ಭನಿರೋಧಕ ಮಾತ್ರೆ ಆರಂಭಿಸುವ ಮುಂಚೆ ಈ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಇಂಥವರಿಗೆ ಕೆಲವು ಜಾತಿಯ ಮಾತ್ರೆಗಳಿಂದ ಪಾರ್ಶ್ವವಾಯುವಿನ ಭಯ ಹೆಚ್ಚು.

ಮೊದಲು ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಅಗತ್ಯವಾದರೆ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಚೀಟಿ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೊಡನೆ ರಾಜ್ಯ ಸರ್ಕಾರವು 2022ರಲ್ಲಿ ಆರಂಭಿಸಿದ ಮಿದುಳಿನ ಆರೋಗ್ಯದ ಕಾರ್ಯಕ್ರಮದಲ್ಲಿ ಮೂರ್ಛೆ, ಪಾರ್ಶ್ವವಾಯುಗಳ ಜೊತೆಗೆ ತಲೆನೋವನ್ನೂ ಸೇರಿಸಿದ್ದಾರೆ. ಹೋಗುವಾಗ ಕ್ಯಾಲೆಂಡರಿನ ಹಾಳೆಗಳನ್ನು ಹರಿದುಕೊಂಡು ಹೋಗಿರಿ. ಹತ್ತು ಪರೀಕ್ಷೆಗಳಿಗಿಂತ ಆ ಮೂರು ಹಾಳೆ ವೈದ್ಯರಿಗೆ ಹೆಚ್ಚು ಹೇಳುತ್ತವೆ.

ಅರೆತಲೆನೋವು ಎಂದು ಸುಮ್ಮನಿರಬಾರದ ತಲೆನೋವು

2018ರಲ್ಲಿ ಮೆಕ್ಕೆಜೋಳಕ್ಕೆ ಹೊಸ ಸೈನಿಕ ಹುಳು ಬಂದಂದಿನಿಂದ ಸುಳಿಗೆ ಔಷಧಿ ಹೊಡೆಯುವುದು ವಾಡಿಕೆಯಾಗಿದೆ. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ತೋಟಗಳಲ್ಲಂತೂ ಸಿಂಪಡಣೆ ನಿಲ್ಲುವುದೇ ಇಲ್ಲ. ಔಷಧಿ ಹೊಡೆದ ದಿನ ತಲೆನೋವು ಬಂದು, ಅದರೊಡನೆ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣು ಮಂಜು, ಮಾಂಸ ಅದುರುವುದು ಕಂಡರೆ ಅದು ವಿಷ ಏರಿದ ಗುರುತು. ಬಟ್ಟೆ ಕಳಚಿ, ಸೋಪು ಹಚ್ಚಿ ಮೈ ತೊಳೆದು, ಔಷಧಿಯ ಡಬ್ಬವನ್ನೂ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಬಿಸಿಲಿನ ತಲೆನೋವೆಂದು ನೆರಳಲ್ಲಿ ಮಲಗಿಸಬಾರದು.

ಹಠಾತ್ತಾಗಿ ಒಂದೇ ನಿಮಿಷದಲ್ಲಿ ಸಿಡಿಲು ಬಡಿದ ಹಾಗೆ ಬಂದ ನೋವು, ಜ್ವರ ಮತ್ತು ಬಗ್ಗದ ಕತ್ತಿನೊಡನೆ ಬಂದ ನೋವು, ಒಂದು ಪಕ್ಕದ ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸು, ಮರದಿಂದಲೋ ಬೈಕಿನಿಂದಲೋ ಬಿದ್ದು ಕೆಲವು ದಿನ ಕಳೆದ ಮೇಲೆ ಏರುತ್ತಿರುವ ನೋವು, ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ನೋವು, ವಾರದಿಂದ ವಾರಕ್ಕೆ ಹೆಚ್ಚುತ್ತ ಬೆಳಗಿನ ಹೊತ್ತು ವಾಂತಿ ಬರಿಸುವ ನೋವು, ಇವೆಲ್ಲ ತಡಮಾಡದೆ ತೋರಿಸಬೇಕಾದವು.

ಮುಚ್ಚಿದ ಮನೆಯಲ್ಲಿ ಒಬ್ಬರಿಗಲ್ಲ, ಮಲಗಿದ್ದವರೆಲ್ಲರಿಗೂ ತಲೆನೋವು, ತಲೆಸುತ್ತು ಬಂದರೆ ಕೆಂಡವನ್ನು ಸಂದೇಹಿಸಿರಿ. ಹೊಗೆ ಕಾಣದ ಇದ್ದಲಿನ ಕೆಂಡದಿಂದಲೂ ವಾಸನೆಯಿಲ್ಲದ ಒಂದು ವಿಷಗಾಳಿ ಏಳುತ್ತದೆ. ಬಾಣಂತಿಯ ಕೋಣೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಡುವ ರೂಢಿ ಇರುವ ಮನೆಗಳಲ್ಲಿ ತಾಯಿಗೂ ಕೂಸಿಗೂ ಇದರಿಂದ ಪ್ರಾಣಭಯವಿದೆ. ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಗಾಳಿಗೆ ತರುವುದು ಮೊದಲ ಕೆಲಸ.

ಬಾಣಂತಿಯ ತಲೆನೋವಿಗೆ ಇನ್ನೊಂದು ಕಾರಣವುಂಟು. ಹೆರಿಗೆಯ ಹಿಂದು ಮುಂದಿನ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಾಗಿರುತ್ತದೆ. ಮಿದುಳಿನಿಂದ ರಕ್ತ ಹಿಂತಿರುಗುವ ನಾಳದಲ್ಲಿ ಹೀಗೆ ಹೆಪ್ಪು ಕಟ್ಟಿದರೆ ಮೊದಲು ಬಿಡದ ತಲೆನೋವು, ಆಮೇಲೆ ಫಿಟ್ಸು ಅಥವಾ ಒಂದು ಪಕ್ಕ ಸೋಲುವುದು ಕಾಣುತ್ತದೆ. ನಮ್ಮ ದೇಶದಲ್ಲಿ ಈ ರೋಗ ಬಾಣಂತಿಯರಲ್ಲಿ ಹೆಚ್ಚೆಂದು ಕಂಡು ನಿಮ್ಹಾನ್ಸಿನ ವೈದ್ಯರು ಬಹುಕಾಲದಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ತುಟಿ ಒದ್ದೆಯಾಗುವಷ್ಟೇ ಕೊಡುವ ಪದ್ಧತಿ ಈ ಅಪಾಯವನ್ನು ಹೆಚ್ಚಿಸುತ್ತದೆ. ಹಾಲೂಡಿಸುವ ತಾಯಿಗೆ ಬೇರೆಯವರಿಗಿಂತ ಹೆಚ್ಚು ನೀರು ಬೇಕು. ಕಾಯಿಸಿ ಆರಿಸಿದ ನೀರನ್ನು ಕೇಳಿದಾಗಲೆಲ್ಲ ಕೊಡಬೇಕು. ಐದು ತಿಂಗಳು ದಾಟಿದ ಬಸುರಿಗೆ ತಲೆನೋವಿನೊಡನೆ ಮುಖ ಕೈಕಾಲು ಊದಿ, ಕಣ್ಣು ಮಂಜಾದರೆ ಅದು ಬಸುರಿನ ರಕ್ತದೊತ್ತಡ. ಅಂದೇ ಬಿಪಿ ನೋಡಿಸಬೇಕು, ಹೆರಿಗೆಯಾದ ಮೇಲಿನ ಮೊದಲ ವಾರಗಳಲ್ಲಿಯೂ ಇದು ಬರಬಹುದು. ಬಸುರಿಗಾಗಲಿ ಬಾಣಂತಿಗಾಗಲಿ ಇಂತಹ ತಲೆನೋವು ಕಂಡ ದಿನ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ಕಳುಹಿಸಿರಿ. ಫಿಟ್ಸೋ ಪ್ರಜ್ಞೆ ತಪ್ಪುವುದೋ ಕಂಡರೆ ಯಾರಿಗೂ ಕಾಯದೆ 108ಕ್ಕೆ ಕರೆ ಮಾಡಿರಿ.